ಹೊಸ್ತಿಲ ಒಳಗಾ, ಹೊರಗಾ? ಮೈಸೂರು–ಮಂಡ್ಯ ಕಡೆ ನಾಯಿ, ಬೆಕ್ಕು, ದನ ಸಾಕುವವರ ಮಾತು

ಚುಕ್ಕಿಯ ಅಮ್ಮ

ಮೈಸೂರಲ್ಲಿ ನಾಯಿ ಇರುವ ಸಂಸಾರಕ್ಕೆ ಬಾಡಿಗೆ ಮನೆ ಕೊಡುವವರು ಯಾರಾದರೂ ಇದ್ದಾರಾ? ಇದು ಮೊದಲ ಪ್ರಶ್ನೆ. ಎರಡನೆಯದು ಸ್ವಲ್ಪ ಉದ್ದ. ಪುರುಸೊತ್ತಿದ್ದರೆ ಓದಿ.

ದಟ್ಟಗಳ್ಳಿ, ಕುವೆಂಪುನಗರದ ಕಡೆ ಮನೆ ನೋಡುತ್ತಿದ್ದೇವೆ. ಫೋನಲ್ಲಿ ಎಲ್ಲ ಸಲೀಸಾಗಿ ಹೋಗುತ್ತೆ. ಅಡ್ವಾನ್ಸ್, ಕಾವೇರಿ ನೀರು, ಗಾಡಿ ನಿಲ್ಲಿಸುವ ಜಾಗ, ವೆಜ್ಜಾ ನಾನ್‌ವೆಜ್ಜಾ, ಎಲ್ಲ ಮಾತಾಗುತ್ತೆ. "ಒಂದು ನಾಯಿ ಇದೆ" ಅಂದ ತಕ್ಷಣ "ಮನೆಯವರನ್ನ ಕೇಳಿ ಹೇಳ್ತೀನಿ" ಅನ್ನುತ್ತಾರೆ. ಆಮೇಲೆ ಫೋನೇ ಎತ್ತುವುದಿಲ್ಲ. ನಮ್ಮ ಚುಕ್ಕಿ ಬೀದಿಯಿಂದ ಬಂದ ಕಂತ್ರಿ. ಲಸಿಕೆ ಆಗಿದೆ, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಹೊಸಬರು ಬಂದರೆ ತಾನೇ ಮಂಚದ ಕೆಳಗೆ ಸೇರಿಕೊಳ್ಳುವ ಪ್ರಾಣಿ.

ಇನ್ನು ನಮ್ಮ ಅತ್ತೆ. ಅವರದು ಮಳವಳ್ಳಿ ಕಡೆ ಹಳ್ಳಿ. ಅಲ್ಲೂ ಒಂದು ನಾಯಿ ಇದೆ, ಕರಿಯ. ತಾವು ಊಟಕ್ಕೆ ಕೂರುವ ಮುಂಚೆ ಕರಿಯನಿಗೆ ಮುದ್ದೆ ಮುರಿದು, ಸಾರು ಹಾಕಿ ಕಲಸಿಟ್ಟು ಬರುತ್ತಾರೆ. ಜ್ವರ ಬಂದು ಮಲಗಿದ್ದರೂ ಅದು ತಪ್ಪುವುದಿಲ್ಲ. ಆದರೆ ಅದೇ ಕರಿಯ ಹೊಸ್ತಿಲ ಮೇಲೆ ಕಾಲಿಟ್ಟರೆ ಪೊರಕೆ ಏಟು ಗ್ಯಾರಂಟಿ. ನಮ್ಮ ಮನೆಗೆ ಬಂದಾಗ ಸೋಫಾ ಮೇಲೆ ಮಲಗಿದ್ದ ಚುಕ್ಕಿಯನ್ನು ನೋಡಿ, "ಇಂಥ ಮನೇಲಿ ಲಕ್ಷ್ಮಿ ನಿಲ್ತಾಳೇನವ್ವ?" ಅಂದರು.

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ನಮ್ಮ ಕಡೆಯವರಿಗೆ ಪ್ರಾಣಿ ಮೇಲೆ ಪ್ರೀತಿ ಇಲ್ಲ ಅನ್ನುವುದು ಸುಳ್ಳು. ಮೊದಲು ಒಂದೊಂದಕ್ಕೂ ಒಂದು ಜಾಗ ಅಂತ ಇತ್ತು. ಹಸುವಿಗೆ ಕೊಟ್ಟಿಗೆ, ನಾಯಿಗೆ ಜಗಲಿ, ಬೆಕ್ಕಿಗೆ ಅಟ್ಟ, ಕೋಳಿಗೆ ಹಿತ್ತಲು. ಈಗ ಮೂವತ್ತು–ನಲವತ್ತರ ಸೈಟು. ಜಗಲಿಯೂ ಇಲ್ಲ, ಹಿತ್ತಲೂ ಇಲ್ಲ. ಕಾಂಪೌಂಡ್ ಮುಗಿದರೆ ಮೋರಿ. ಹಾಗಾಗಿ ನಾಯಿ ಒಂದೋ ಸೋಫಾ ಮೇಲೆ, ಇಲ್ಲ ಬೀದಿಯಲ್ಲಿ. ನಾವೆಲ್ಲ ಆಡುತ್ತಿರುವುದು ಈ ಜಾಗದ ಜಗಳ ಅಂತ ನನಗನ್ನಿಸುತ್ತದೆ. ನೀವೇನಂತೀರಿ?

ಓನರ್ ಕೂಡ ಮನುಷ್ಯನೇ

ಮೇಡಂ, ಫೋನ್ ಎತ್ತದೇ ಇರುವವರಲ್ಲಿ ನಾನೂ ಒಬ್ಬ. ಬೈಯುವ ಮುಂಚೆ ಕೇಳಿ.

ಹಿಂದೆ ಇದ್ದವರು ಹಸ್ಕಿ ತಂದರು. ಹಿಮದಲ್ಲಿ ಓಡಾಡುವ ನಾಯಿ. ಏಪ್ರಿಲ್ ಬಿಸಿಲಿಗೆ ಅದಕ್ಕೆ ಎಸಿ ಹಾಕಿಸಿದರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ನಾಯಿ ದಿನವಿಡೀ ಊಳಿಡುವುದು. ತೇಗದ ಬಾಗಿಲಿನ ಕೆಳಭಾಗವನ್ನು ಉಗುರಲ್ಲಿ ಕೆರೆದು ಕೆರೆದು ನಾರು ಕಿತ್ತು ಬಂದಿತ್ತು. ಅದನ್ನೂ ಸಹಿಸಿಕೊಂಡೆ. ತಾರಸಿ ಮೇಲೆ ನಾಯಿಯನ್ನು ಬಿಟ್ಟು, ಗಲೀಜಿಗೆ ಪೈಪಲ್ಲಿ ನೀರು ಬಿಡುತ್ತಿದ್ದರು. ಆ ನೀರು ಮಳೆ ಕೊಳವೆಯಲ್ಲಿ ಇಳಿದು ಪಕ್ಕದ ಮನೆಯವರ ತುಳಸಿಕಟ್ಟೆ ಮುಂದೆ ನಿಲ್ಲುತ್ತಿತ್ತು. ಆ ಹೆಂಗಸು ಬಂದು ಬೈದದ್ದು ನನ್ನನ್ನು. ಬಾಡಿಗೆಯವರು ಖಾಲಿ ಮಾಡಿಕೊಂಡು ಹೋದರು, ಪಕ್ಕದವರ ಜೊತೆ ಮಾತು ಬಿಟ್ಟಿದ್ದು ಇವತ್ತಿಗೂ ಹಾಗೇ ಇದೆ.

ನಾಯಿ ಮೇಲೆ ನನಗೆ ಸಿಟ್ಟಿಲ್ಲ. ಸಾಕುವವರ ಮೇಲೆ ನಂಬಿಕೆ ಇಲ್ಲ.

ಮಾಜಿ ಸೆಕ್ರೆಟರಿ

ನಿಯಮದ ಮಾತು ಬಂದೇ ಬರುತ್ತದೆ, ಹೇಳಿಬಿಡುತ್ತೇನೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಕೊಟ್ಟ ಮಾರ್ಗಸೂಚಿ ಇದೆ. ಅಪಾರ್ಟ್‌ಮೆಂಟ್ ಸಂಘದವರು ಬಹುಮತ ಇದೆ ಅಂತ ಹೇಳಿ ನಾಯಿ ಸಾಕುವುದನ್ನೇ ನಿಷೇಧ ಮಾಡುವಂತಿಲ್ಲ. ಲಿಫ್ಟಿಗೆ ಹತ್ತಿಸಬೇಡಿ ಅನ್ನುವಂತಿಲ್ಲ. ಆದರೆ ಇದು ಸಂಘಕ್ಕೆ. ಒಬ್ಬ ಓನರ್ ತನ್ನ ಸ್ವಂತ ಮನೆ ಬಾಡಿಗೆಗೆ ಕೊಡುವಾಗ ಕರಾರಿನಲ್ಲಿ "ಪ್ರಾಣಿ ಬೇಡ" ಅಂತ ಬರೆಸಿದರೆ, ನೀವು ಸಹಿ ಹಾಕಿದರೆ, ಮುಗೀತು.

ನಾನು ಸೆಕ್ರೆಟರಿ ಆಗಿದ್ದಾಗ ಲಿಫ್ಟ್ ವಿಷಯಕ್ಕೆ ಆದ ಜಗಳಗಳು ಕಾವೇರಿ ನೀರಿನ ವಿಷಯಕ್ಕೂ ಆಗಿರಲಿಲ್ಲ.

ಜೋಡೆತ್ತು, ಪಾಂಡವಪುರ

ಅಕ್ಕ, ನೀವು ಜಾಗ ಅಂದದ್ದು ಸರಿ. ಆದರೆ ಕೆಲಸ ಅನ್ನುವುದನ್ನು ಬಿಟ್ಟುಬಿಟ್ಟಿರಿ. ಹಳ್ಳಿಯಲ್ಲಿ ಯಾವ ಪ್ರಾಣಿಯೂ ಸುಮ್ನೆ ಇರಲಿಲ್ಲ. ನಾಯಿ ಕಾಯಬೇಕು, ಬೆಕ್ಕು ಇಲಿ ಹಿಡಿಯಬೇಕು, ಎತ್ತು ಉಳಬೇಕು. ಕೆಲಸ ಮಾಡುವ ಪ್ರಾಣಿಗೆ ಮರ್ಯಾದೆ ಇತ್ತು. ಮುದ್ದು ಅಂತ ಇರಲಿಲ್ಲ ಅಂದುಕೊಳ್ಳಬೇಡಿ, ಅದು ಕಾಣುವ ರೀತಿ ಬೇರೆ.

ನಮ್ಮ ಕಡೆ ಬೇಬಿ ಬೆಟ್ಟದ ಜಾತ್ರೆಗೋ, ಹೇಮಗಿರಿಗೋ, ಮುಡುಕುತೊರೆಗೋ, ಚುಂಚನಕಟ್ಟೆಗೋ ಒಂದು ಸಾರಿ ಬನ್ನಿ. ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳನ್ನು ಶಾಮಿಯಾನ ಹಾಕಿ ಕಟ್ಟಿರುತ್ತಾರೆ. ಮನೆಯವರು ನೆಲದ ಮೇಲೆ ಹುಲ್ಲು ಹಾಸಿಕೊಂಡು ಅದರ ಪಕ್ಕದಲ್ಲೇ ಮಲಗುತ್ತಾರೆ. ಕೊಳ್ಳುವವನು ಬಂದರೆ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಾ, ನಾಲ್ಕು ಹಲ್ಲಾ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯಾ. ಆಮೇಲೆ ಸುಳಿ. ಹಣೆಯಲ್ಲಿ, ಬೆನ್ನಲ್ಲಿ ಕೂದಲು ಸುತ್ತಿಕೊಂಡಿರುತ್ತಲ್ಲ, ಅದು ಇರಬೇಕಾದ ಕಡೆ ಇರಬೇಕು. ತಪ್ಪು ಜಾಗದಲ್ಲಿ ಸುಳಿ ಇದ್ದರೆ ಎಷ್ಟೇ ಚೆಂದದ ಹೋರಿಯಾದರೂ ಬೆಲೆ ಬಿದ್ದುಹೋಗುತ್ತೆ. ಕಡೆಗೆ ದಲ್ಲಾಳಿ ಟವೆಲ್ ಹಾಸುತ್ತಾನೆ. ಅದರ ಕೆಳಗೆ ಬೆರಳು ಹಿಡಿದೇ ವ್ಯಾಪಾರ. ಸುತ್ತ ನಿಂತವರಿಗೆ ಒಂದು ಪೈಸೆ ಲೆಕ್ಕ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಲೆಕ್ಕಾಚಾರ ಮಾಡುವ ನಮ್ಮಪ್ಪ ಎತ್ತು ಮಾರಿದ ದಿನ ಊಟ ಮಾಡುತ್ತಿರಲಿಲ್ಲ. ದುಡ್ಡು ಎಣಿಸಿಕೊಂಡು ಎತ್ತು ಕೊಡುವುದು, ಹಗ್ಗ ಮಾತ್ರ ಬಿಚ್ಚಿಕೊಂಡು ಮನೆಗೆ ತರುವುದು. ಹಳೇ ಹಗ್ಗಗಳು ಕೊಟ್ಟಿಗೆಯ ಗೂಟದಲ್ಲಿ ಇನ್ನೂ ನೇತಾಡುತ್ತಿವೆ. ಈಗ ಆ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತೇವೆ.

ಮದ್ದೂರ್ ವಡೆ

ಎಲ್ಲ ಸರಿ, ನಾಯಿಗೆ "ಅಮ್ಮ" ಆಗುವುದು ಯಾವಾಗಿಂದ ಶುರುವಾಯಿತು? ನಮ್ಮಜ್ಜಿ ಕೇಳಿದ್ದರೆ ತೀರ್ಥ ತಗೊಳ್ಳುತ್ತಿದ್ದರು. ತಮಾಷೆಗೆ ಅಂದೆ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ.

ಚುಕ್ಕಿಯ ಅಮ್ಮ

ಬೇಜಾರಿಲ್ಲ. ನಿಮ್ಮಜ್ಜಿ ಹಸುವಿಗೆ "ಬಾರೇ ನನ್ನವ್ವ" ಅಂತಿರಲಿಲ್ವಾ? ನಮ್ಮ ಅತ್ತೆ ದಿನಾ ಅನ್ನುತ್ತಾರೆ. ಆಗ ಯಾರಿಗೂ ಏನೂ ಅನ್ನಿಸುವುದಿಲ್ಲ.

ಕಲ್ಲು ಓದುವವನು

ಮದ್ದೂರಿನವರೇ ಹೀಗೆ ಕೇಳಿದರೆ ಹೇಗೆ? ನಾಯಿಗೆ ಕಲ್ಲು ನಿಲ್ಲಿಸಿದ ತಾಲೂಕು ನಿಮ್ಮದು.

ಆತಕೂರು ಗೊತ್ತಲ್ಲ? ಮದ್ದೂರು ತಾಲೂಕಿನ ಊರು. ಕ್ರಿ.ಶ. 949–50ರ ಸುಮಾರಿನ ವೀರಗಲ್ಲು ಅಲ್ಲಿತ್ತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸದವರಿಗೆ ಅದು ಮುಖ್ಯ, ಯಾಕೆಂದರೆ ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸುದ್ದಿ ಅದರಲ್ಲಿದೆ. ಆದರೆ ಕಲ್ಲು ಹಾಕಿಸಿದ್ದು ನಾಯಿಗೆ. ನಾಯಿಯ ಹೆಸರು ಕಾಳಿ.

ಗಂಗರ ಬೂತುಗನ ಕಡೆಯ ವೀರ ಮಣಲೇರ. ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಈ ನಾಯಿಯನ್ನು. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಭೂಮಿ ಬಿಟ್ಟರು. ಪೂಜೆ ಮಾಡದೆ ಆ ಭೂಮಿಯಲ್ಲಿ ಉಂಡರೆ ಪಾಪ ತಟ್ಟುತ್ತದೆ ಅಂತಲೂ ಕೆತ್ತಿಸಿದ್ದಾರೆ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರು ಹಾಯುವ ಚಿತ್ರ ಇದೆ. ಬೆಂಗಳೂರಿಗೆ ಹೋದಾಗ ನೋಡಿ ಬನ್ನಿ.

ಇನ್ನೊಂದು. ಮಂಡ್ಯದ ಅರ್ಧ ಜಿಲ್ಲೆ ನಡೆದುಕೊಳ್ಳುವ ಆದಿಚುಂಚನಗಿರಿಯ ಕಾಲಭೈರವನ ವಾಹನ ಯಾವುದು?

ಫೋರ್ಟ್ ಮೊಹಲ್ಲಾ ಮೊಮ್ಮಗ

ನಾಯಿಯೇ. ದೇವರ ವಾಹನ ಆದರೂ ಮಡಿಗೆ ಮುಟ್ಟುವಂತಿಲ್ಲ, ಅದೇ ವಿಚಿತ್ರ.

ನಮ್ಮದು ಹಳೇ ಅಗ್ರಹಾರದ ಮನೆ. ಅಜ್ಜಿ ಬೆಳಿಗ್ಗೆ ರಂಗೋಲಿಯನ್ನು ಅಕ್ಕಿಹಿಟ್ಟಲ್ಲೇ ಬಿಡುತ್ತಿದ್ದರು, ಇರುವೆಗೆ ಆಗಲಿ ಅಂತ. ಊಟಕ್ಕೆ ಮುಂಚೆ ಕಾಗೆಗೆ ಒಂದು ಹಿಡಿ, ಬೀದಿಗೆ ಬಂದ ಹಸುವಿಗೆ ಬಾಳೆಲೆ, ಸೊಪ್ಪು. ಪಡಸಾಲೆಯಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದರೆ ಮರಿ ಹಾರುವ ತನಕ ಫ್ಯಾನ್ ಹಾಕುವಂತಿರಲಿಲ್ಲ, ಸೆಕೆಯಲ್ಲಿ ಬೆವರುತ್ತಾ ಕೂರಬೇಕು. ಇಷ್ಟೆಲ್ಲ ಮಾಡುವ ಅಜ್ಜಿಗೆ ಬೀದಿ ನಾಯಿಯ ಬಾಲ ತಾಗಿದರೆ ಮತ್ತೆ ತಣ್ಣೀರ ಸ್ನಾನ. ಅದೇ ರಾತ್ರಿ ನಮಗೆ ಕಥೆ ಹೇಳುವಾಗ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲ ಅಂದ ಜಾಗಕ್ಕೆ ಬಂದು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಇದನ್ನು ಮೂಢತನ ಅಂತ ತಳ್ಳಿಹಾಕುವುದು ಸುಲಭ. ರೇಬಿಸ್‌ಗೆ ಲಸಿಕೆ ಸುಲಭವಾಗಿ ಸಿಗದ ಕಾಲದಲ್ಲಿ ನಾಯಿಯನ್ನು ದೂರ ಇಟ್ಟಿದ್ದರಲ್ಲಿ ಸ್ವಲ್ಪ ಬುದ್ಧಿಯೂ ಇತ್ತು ಅಂತ ನನ್ನ ಲೆಕ್ಕ.

ಮಂಡಿ ಮೊಹಲ್ಲಾ ಮಹಡಿ

ನಮ್ಮಲ್ಲೂ ನಾಯಿ ಮನೆ ಒಳಗೆ ಬರುವುದು ಕಡಿಮೆ. ನಮಾಜ್ ಮಾಡುವ ಜಾಗ ಶುದ್ಧವಾಗಿರಬೇಕಲ್ಲ. ಬೆಕ್ಕಿಗೆ ಮಾತ್ರ ಎಲ್ಲ ಕಡೆ ಪರ್ಮಿಷನ್. ನಮ್ಮ ಅಬ್ಬಾ ಪಾರಿವಾಳದವರು. ಮಹಡಿ ಮೇಲೆ ಗೂಡು. ಸಂಜೆ ಸೀಟಿ ಹೊಡೆದರೆ ಇಡೀ ಗುಂಪು ಒಂದು ಸುತ್ತು ತಿರುಗಿ ವಾಪಸ್ ಇಳಿಯುತ್ತೆ. ಪಕ್ಕದ ಮಹಡಿಯವನ ಒಂದು ಹಕ್ಕಿ ನಮ್ಮ ಗುಂಪಿನ ಜೊತೆ ಇಳಿದರೆ ಆ ದಿನ ಅಬ್ಬಾಗೆ ಹಬ್ಬ.

ಬಕ್ರೀದ್ ಮುಂಚೆ ಬನ್ನೂರು ಟಗರು ತರುತ್ತೇವೆ. ತಂದ ಮೇಲೆ ಮಕ್ಕಳ ಜೊತೆಯೇ ಇರುತ್ತೆ. ಮಕ್ಕಳು ಹೆಸರಿಡುತ್ತಾರೆ, ಸ್ಕೂಲಿಂದ ಬಂದು ಕುದುರೆಮಸಾಲೆ ಸೊಪ್ಪು ತಿನ್ನಿಸುತ್ತಾರೆ. ಹಬ್ಬದ ದಿನ ಅಳುತ್ತಾರೆ. ನಮ್ಮ ದೊಡ್ಡವರು ಹೇಳುವುದು, ಇಷ್ಟವಾದದ್ದನ್ನು ಕೊಟ್ಟರೇ ಅದು ಕುರ್ಬಾನಿ. ಇದು ಪ್ರೀತಿ ಅಲ್ಲ ಅಂತ ಹೇಳುವವರು ಇದ್ದಾರೆ. ನನಗೆ ಹಾಗನ್ನಿಸಲ್ಲ.

ಕಬ್ಬಿನ ಗದ್ದೆ

ಸಾಹೇಬರೇ, ನಿಮ್ಮ ಮನೆ ಒಂದೇ ಅಲ್ಲ. ನಮ್ಮಲ್ಲಿ ಮಾರಿಹಬ್ಬಕ್ಕೆ ಬಿಟ್ಟ ಹರಕೆ ಮರಿಗೂ ಇದೇ ಕಥೆ. ವರ್ಷವಿಡೀ ಮನೆ ಮಗು ಹಿಂದೆ ಓಡಾಡಿಕೊಂಡಿರುತ್ತೆ. ದೇವಸ್ಥಾನದ ಹತ್ತಿರ ಬಲಿ ಕೊಡುವಂತಿಲ್ಲ ಅಂತ 1959ರಿಂದಲೂ ರಾಜ್ಯದಲ್ಲಿ ಕಾನೂನಿದೆ. ಅದಕ್ಕೆ ದೇವಸ್ಥಾನ ಬಿಟ್ಟು ತೋಟದಲ್ಲಿ ಅಡುಗೆ. ಬಂಡೂರು ಕುರಿ ನಮ್ಮ ಹೆಮ್ಮೆ ಅನ್ನುತ್ತೇವೆ. ಮಳವಳ್ಳಿ ತಾಲೂಕಿನ ಬಂಡೂರಿಂದ ಬಂದ ತಳಿ. ಗಿಡ್ಡ ಕಾಲು, ದಿಂಡು ಮೈ, ಹಿಂದಿನಿಂದ ನೋಡಿದರೆ ತೊಡೆ ತಿರುಗಿಸಿಟ್ಟ ಲಾಳದ ಥರ. ಹೆಮ್ಮೆ ಯಾಕೆ ಅಂತ ಕೇಳಿದರೆ ಎಲ್ಲರೂ ಮಾಂಸದ ರುಚಿಯನ್ನೇ ಹೇಳುತ್ತಾರೆ. ಮುಚ್ಚಿಡುವುದಕ್ಕೇನಿದೆ.

ಮೊದಲ ಪೋಸ್ಟಿನ ಅಕ್ಕನಿಗೆ ಒಂದು ಸುದ್ದಿ. ಜಗಲಿ ಕಾಲ ನಮ್ಮ ಹಳ್ಳಿಗಳಲ್ಲೂ ಮುಗಿಯುತ್ತಾ ಬಂದಿದೆ. ಕಾರಣ ಚಿರತೆ. ನಮ್ಮದು ತಿ. ನರಸೀಪುರ ಕಡೆ. ಕಬ್ಬು ಆಳೆತ್ತರ ಬೆಳೆದರೆ ಅದರೊಳಗೇ ಮರಿ ಹಾಕುತ್ತೆ. ಅದಕ್ಕೆ ಸುಲಭವಾಗಿ ಸಿಗುವ ಊಟ ಜಗಲಿ ಮೇಲೆ ಮಲಗಿದ ನಾಯಿ. 2022–23ರಲ್ಲಿ ನಮ್ಮ ತಾಲೂಕಲ್ಲಿ ಮನುಷ್ಯರನ್ನೇ ಕೊಂದಾಗ ಎಲ್ಲರೂ ನಡುಗಿಹೋದೆವು. ಆಗಿನಿಂದ ನಮ್ಮವ್ವ ಕತ್ತಲಾದರೆ ನಾಯಿಯನ್ನು ಒಳಗೆ ಕರೆದು ಅಗುಳಿ ಹಾಕುತ್ತಾರೆ. ಅಡುಗೆಮನೆಗೆ ಬಿಡಲ್ಲ, ನಡುಮನೆಗೆ ಬಿಡುತ್ತಾರೆ. ಕಂಬಳಿ ಬೇರೆ ಹಾಸಿಕೊಟ್ಟಿದ್ದಾರೆ. ಐವತ್ತು ವರ್ಷದ ರೂಢಿಯನ್ನು ಒಂದು ಚಿರತೆ ಬಿಡಿಸಿತು.

ಚುಕ್ಕಿಯ ಅಮ್ಮ

ಇದನ್ನು ಅತ್ತೆಗೆ ಫೋನಲ್ಲಿ ಓದಿ ಹೇಳಿದೆ. "ಕರಿಯನಿಗೆ ಕತ್ತಿಗೆ ಕಟ್ಟೋ ಮುಳ್ಳಿನ ಪಟ್ಟಿ ಮೈಸೂರಲ್ಲಿ ಸಿಕ್ಕಿದ್ರೆ ತಗಂಬಾ" ಅಂದರು. ಒಳಗೆ ಬಿಡುವ ಮಾತೇ ಇಲ್ಲ.

ಪೇಪರ್ ಹಾಕೋನು

ನೀವೆಲ್ಲ ಮನೆ ನಾಯಿ ಬಗ್ಗೆ ಮಾತಾಡುತ್ತಿದ್ದೀರಿ. ಬೆಳಗಿನ ಜಾವ ಸೈಕಲ್ ತುಳಿಯುವ ನಮ್ಮ ಕಥೆ ಕೇಳಿ. ನಾಯಿಗೆ ಅನ್ನ ಹಾಕುವ ಪುಣ್ಯಾತ್ಮರು ಯಾರೂ ತಮ್ಮ ಗೇಟಿನ ಮುಂದೆ ಹಾಕುವುದಿಲ್ಲ. ಮೂಲೆ ಸೈಟಿನ ಹತ್ತಿರ ಸುರಿದು ಹೋಗುತ್ತಾರೆ. ಅಲ್ಲಿ ಎಂಟ್ಹತ್ತು ಸೇರುತ್ತವೆ. ಅದು ಅವುಗಳ ಜಾಗ ಆಗುತ್ತೆ. ನಾನು ಸೈಕಲಲ್ಲಿ ಬಂದರೆ ನಾನೇ ಕಳ್ಳ. ನನ್ನ ಮೀನಖಂಡದಲ್ಲಿ ಹಲ್ಲಿನ ಗುರುತಿದೆ. ಸೂಜಿ ಹಾಕಿಸಿಕೊಂಡ ದಿನಗಳ ಕೂಲಿ ಹೋಯಿತು. ಅನ್ನ ಹಾಕಿದವರು ಯಾರೂ ಬಂದು ಕೇಳಲಿಲ್ಲ. ಪ್ರೀತಿ ಅವರದು, ಕಚ್ಚಿಸಿಕೊಳ್ಳುವುದು ನಾನು.

ಸಂಜೆ ಅನ್ನ

ಅಣ್ಣ, ನಿಮಗಾದದ್ದು ತಪ್ಪೇ. ಆದರೆ ಅನ್ನ ಹಾಕುವ ನಾವೇ ಹಿಡಿದು ಆಪರೇಷನ್‌ಗೂ ಕೊಡುತ್ತೇವೆ. ಹಸಿದ ನಾಯಿ ಕಚ್ಚುವುದು ಜಾಸ್ತಿ. ನಾವು ನಿಲ್ಲಿಸಿದರೆ ನಾಯಿ ಎಲ್ಲೂ ಹೋಗಲ್ಲ, ಕಸದ ರಾಶಿಗೆ ಹೋಗುತ್ತೆ. ಕೋಳಿ ಅಂಗಡಿ ತ್ಯಾಜ್ಯವನ್ನು ರಿಂಗ್ ರೋಡ್ ಪಕ್ಕ ಸುರಿಯುವವರನ್ನು ಯಾರೂ ಕೇಳುವುದಿಲ್ಲ. ಒಂದು ತಟ್ಟೆ ಹಿಡಿದು ಬಂದ ಹೆಂಗಸನ್ನು ಮಾತ್ರ ಬೀದಿಯೆಲ್ಲ ಸೇರಿ ಬೈಯುತ್ತೀರಿ.

ಹಳ್ಳಿ ಡಾಕ್ಟ್ರು

ನಾನು ಪಶುವೈದ್ಯ. ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಬೀದಿ ನಾಯಿಗೆ ಊಟ ಹಾಕಲು ಜಾಗ ಗುರುತಿಸಬೇಕು, ಅದು ಮಕ್ಕಳು ಆಡುವ ಜಾಗ, ಮನೆ ಬಾಗಿಲು, ಮೆಟ್ಟಿಲ ಹತ್ತಿರ ಇರಬಾರದು ಅಂತಲೇ ಇದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಹತ್ತಿರ ಹತ್ತಿರ ಅದೇ. ಹಿಡಿದು, ಆಪರೇಷನ್ ಮಾಡಿ, ಲಸಿಕೆ ಹಾಕಿ ಅದೇ ಬೀದಿಗೆ ಬಿಡಿ. ರೇಬಿಸ್ ಇರುವುದನ್ನು, ಮೇಲೆ ಬೀಳುವ ಸ್ವಭಾವದ್ದನ್ನು ಬಿಡಬೇಡಿ. ಕಂಡ ಕಂಡ ಕಡೆ ಊಟ ಹಾಕಬೇಡಿ. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ತೆಗೆದ ನಾಯಿಗಳನ್ನು ವಾಪಸ್ ಅಲ್ಲೇ ಬಿಡಬಾರದು ಅಂತಲೂ ಆದೇಶ ಬಂತು. ಕಾಗದದಲ್ಲಿ ಎಲ್ಲ ಚೆನ್ನಾಗಿದೆ. ಹಿಡಿಯುವ ಜನ, ಆಪರೇಷನ್ ಟೇಬಲ್, ಆಮೇಲೆ ಇಟ್ಟುಕೊಳ್ಳುವ ಗೂಡು ಇವಿಷ್ಟಕ್ಕೆ ದುಡ್ಡು ಹಾಕದೆ ಯಾವ ಆದೇಶವೂ ನಡೆಯುವುದಿಲ್ಲ.

ಮುಖ್ಯವಾದದ್ದು ಬೇರೆ. ನಾಯಿ ಕಚ್ಚಿದರೆ, ಬೆಕ್ಕು ಪರಚಿದರೂ ಸರಿ, ಮೊದಲು ನಲ್ಲಿ ನೀರಿನ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಊರಲ್ಲಿ ಇನ್ನೂ ನಾಟಿ ಔಷಧಿ ಕುಡಿಸುವವರಿದ್ದಾರೆ, ದಯವಿಟ್ಟು ಹೋಗಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ತೋಳಿನ ಸ್ನಾಯುವಿಗೆ ಕೊಡುವ ಲಸಿಕೆಯಾದರೆ ಕಚ್ಚಿದ ದಿನ, ಆಮೇಲೆ 3, 7, 14, 28ನೇ ದಿನ. ಗಾಯದಲ್ಲಿ ರಕ್ತ ಬಂದಿದ್ದರೆ ಲಸಿಕೆ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಅನ್ನುವ ಇನ್ನೊಂದು ಸೂಜಿಮದ್ದು ಬೇಕಾ ಅಂತ ಡಾಕ್ಟರನ್ನು ಕೇಳಿ. ಎರಡು ಸೂಜಿ ಆದ ಮೇಲೆ "ಹುಷಾರಾಗಿದೀನಿ" ಅಂತ ಬಿಟ್ಟುಬಿಡುವವರು ಬಹಳ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಪೇಪರ್ ಹಾಕೋನು

ಎಲ್ಲ ಹಾಕಿಸಿಕೊಂಡೆ ಡಾಕ್ಟ್ರೇ. ಮಾಹಿತಿಗೆ ಥ್ಯಾಂಕ್ಸ್. ಮೂಲೆ ಸೈಟಿನಲ್ಲಿ ಇವತ್ತೂ ಅನ್ನ ಬಿದ್ದಿತ್ತು.

ಕಪ್ಪು ಬಿಳಿ ಬೆಕ್ಕು

ನಾಯಿ ಗಲಾಟೆಯಲ್ಲಿ ಬೆಕ್ಕನ್ನು ಮರೆತುಬಿಟ್ಟಿರಿ. ಬೆಕ್ಕು ಇದೆ ಅಂದರೆ ಯಾವ ಓನರೂ ಬೇಡ ಅನ್ನಲ್ಲ, ಯಾಕೆಂದರೆ ನಾವು ಹೇಳೋದೇ ಇಲ್ಲ. ಆದರೆ ಬೆಕ್ಕಿನ ಮರಿಗಳಿಗೆ ನಮ್ಮ ಜನ ಮಾಡುವುದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ಗೋಣಿಚೀಲಕ್ಕೆ ತುಂಬಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುವುದು, "ಅಲ್ಲಾದ್ರೆ ಊಟ ಸಿಗುತ್ತೆ" ಅಂತ ಸಮಾಧಾನ ಬೇರೆ. ಒಂದು ಆಪರೇಷನ್ ಮಾಡಿಸಿ ಅಂದರೆ "ಪಾಪ, ತಾಯಿ ಆಗೋದನ್ನ ತಪ್ಪಿಸಬಾರದು" ಅನ್ನುತ್ತಾರೆ. ಗೋಣಿಚೀಲ ಕಟ್ಟುವಾಗ ಆ ಪಾಪ ಎಲ್ಲಿ ಹೋಗಿರುತ್ತೋ.

ಹಿನಕಲ್ ಹಕ್ಕಿ

ಪಂಜರದ ಗಿಳಿಯ ಬಗ್ಗೆಯೂ ಯಾರಾದರೂ ಹೇಳಿ. ನಮ್ಮ ಬೀದಿಯಲ್ಲಿ ಎರಡು ಮನೆಯಲ್ಲಿ ಹಸಿರು ಗಿಳಿ ಇದೆ.

ಹಳ್ಳಿ ಡಾಕ್ಟ್ರು

ನಮ್ಮ ದೇಶದ ಗಿಳಿ, ನಕ್ಷತ್ರ ಆಮ್ಮೆ, ಮುಂಗುಸಿ ಯಾವುದನ್ನೂ ಸಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಲವ್ ಬರ್ಡ್ಸ್, ಕಾಕಟೀಲ್ ಥರದ ಹೊರದೇಶದ ಹಕ್ಕಿ ಬೇರೆ ಲೆಕ್ಕ. ಗಿಳಿ "ರಾಮ ರಾಮ" ಅಂದರೂ ಕಾಯ್ದೆ ಕಾಯ್ದೆಯೇ. ಸುಮ್ನೆ ಹಾರಿಬಿಡಬೇಡಿ, ಪಂಜರದಲ್ಲೇ ಬೆಳೆದದ್ದು ಕಾಗೆ ಪಾಲಾಗುತ್ತೆ. ಅರಣ್ಯ ಇಲಾಖೆಗೆ ಒಪ್ಪಿಸಿ.

(ಮೇಲೆ ಆಮ್ಮೆ ಅಂತ ಬಿದ್ದಿದೆ, ಆಮೆ ಅಂತ ಓದಿಕೊಳ್ಳಿ.)

ಗೋವು ನಮ್ಮ ತಾಯಿ

ನಾಯಿ ಬೆಕ್ಕಿಗೆ ಇಷ್ಟು ಮಾತು. ಬೀದಿಯಲ್ಲಿ ಪ್ಲಾಸ್ಟಿಕ್ ತಿನ್ನುವ ಹಸುವಿನ ಬಗ್ಗೆ ಒಬ್ಬರೂ ಬರೆಯಲಿಲ್ಲ. ಹಾಲು ಕರೆದುಕೊಂಡು ಬೀದಿಗೆ ಬಿಡುವವರಿಗೆ ನಾಚಿಕೆ ಆಗಬೇಕು. ವಯಸ್ಸಾದ ಮೇಲೆ ಮಾರುವವರಿಗೆ ಇನ್ನೂ ಆಗಬೇಕು.

ಜೋಡೆತ್ತು, ಪಾಂಡವಪುರ

ಬೀದಿಗೆ ಬಿಡುವುದು ತಪ್ಪು, ಒಪ್ಪಿದೆ. ಎರಡನೇ ಮಾತಿಗೆ ಉತ್ತರ ಕೇಳಿ. ಮನೆಯಲ್ಲಿ ಎಚ್‌ಎಫ್ ಹಸು ಇದೆ, ಹೊರದೇಶದ ಹಾಲಿನ ತಳಿ. ಡೇರಿಗೆ ಹಾಲು ಹಾಕುತ್ತೇವೆ. ಗಂಡು ಕರು ಹುಟ್ಟಿತು. ಹಳ್ಳಿಕಾರ್ ಆಗಿದ್ದರೆ ಬೀಜದ ಹೋರಿಯೋ ಉಳುವ ಎತ್ತೋ ಆಗುತ್ತಿತ್ತು. ಎಚ್‌ಎಫ್ ಗಂಡಿಗೆ ಭುಜವೇ ಇಲ್ಲ, ನೊಗ ನಿಲ್ಲಲ್ಲ. ಬಿಸಿಲಿಗೆ ನಾಲಗೆ ಹೊರಗೆ ಹಾಕುತ್ತೆ. ಹಿಂಡಿ, ಬೂಸಾ ಮೂಟೆಯ ರೇಟು ಗೊತ್ತಾ ನಿಮಗೆ? ಮೊದಲು ದಲ್ಲಾಳಿ ಬಂದು ತಗೊಂಡು ಹೋಗುತ್ತಿದ್ದ. ಎಲ್ಲಿಗೆ ಅಂತ ನಾವು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ. 2021ರಲ್ಲಿ ಹೊಸ ಕಾಯ್ದೆ ಬಂತು. ಹಸು, ಕರು, ಎತ್ತು, ಹೋರಿ ಎಷ್ಟೇ ವಯಸ್ಸಾಗಿದ್ದರೂ ಕಡಿಯುವಂತಿಲ್ಲ. ಎಮ್ಮೆ, ಕೋಣಕ್ಕೆ ಮಾತ್ರ 13 ವರ್ಷ ದಾಟಿದರೆ ಅವಕಾಶ. ಕಾಯ್ದೆ ತಂದವರು ಕೊಟ್ಟಿಗೆ ಖರ್ಚು ತರಲಿಲ್ಲ. ಈಗ ರಾತ್ರಿ ಹೊತ್ತು ದೇವಸ್ಥಾನದ ಹತ್ತಿರ ಕರು ಕಟ್ಟಿ ಬರುವವರು ಇದ್ದಾರೆ. ಹರಕೆ ಅಂತ ಹೆಸರು.

ನೀವು ತಾಯಿ ಅನ್ನುತ್ತೀರಿ. ತಾಯಿಗೆ ಹುಟ್ಟಿದ ಗಂಡುಮಗನನ್ನು ಸಾಕಲು ನಿಮ್ಮ ಮೂವತ್ತು–ನಲವತ್ತರಲ್ಲಿ ಜಾಗ ಇದೆಯಾ?

ಗೋವು ನಮ್ಮ ತಾಯಿ

ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಪಿಂಜರಾಪೋಲ್ ಗೋಶಾಲೆ ಇದೆ. ನಾನು ಪ್ರತಿ ತಿಂಗಳು ಮೇವಿಗೆ ದುಡ್ಡು ಕೊಡುತ್ತೇನೆ. ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟರೆ ಆಗುತ್ತೆ.

ಜೋಡೆತ್ತು, ಪಾಂಡವಪುರ

ಕೊಡುವುದಕ್ಕೆ ಕೈಮುಗಿಯುತ್ತೇನೆ ಸರ್. ಆದರೆ ಮಂಡ್ಯದಲ್ಲಿ ದಿನಾ ಹುಟ್ಟುವ ಗಂಡು ಕರುಗಳಿಗೆ ಬೆಟ್ಟದ ತಪ್ಪಲು ಸಾಲಲ್ಲ.

ಹಳ್ಳಿ ಡಾಕ್ಟ್ರು

ಈಗ ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಬಂದಿದೆ. ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ ಆಗುತ್ತೆ. ಮಾಮೂಲಿ ಸೂಜಿಗಿಂತ ದುಬಾರಿ, ಸಲ ಸಲಕ್ಕೂ ಗರ್ಭ ಕಟ್ಟುವುದಿಲ್ಲ. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ದನಕ್ಕೆ ಹುಷಾರಿಲ್ಲದೆ ಸಾಗಿಸಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ, ಗಾಡಿ ಊರಿಗೇ ಬರುತ್ತೆ.

ಕಲ್ಲು ಓದುವವನು

ಜೋಡೆತ್ತು ಅವರ ಮಾತಿಗೆ ಸಣ್ಣದೊಂದು ಸೇರಿಸುತ್ತೇನೆ. ಮೈಸೂರು ಅರಸರಿಗೂ ದನದ ಮೇಲಿನ ಆಸೆ ಲೆಕ್ಕದ ಆಸೆಯೇ. ಚಿಕ್ಕದೇವರಾಜ ಒಡೆಯರು ದನಗಳಿಗೆ ಅಂತಲೇ ಬೆಣ್ಣೆ ಚಾವಡಿ ಅನ್ನುವ ಇಲಾಖೆ ಇಟ್ಟಿದ್ದರು. ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಹಾಲು ಬೆಣ್ಣೆ ಒಂದು ಕಡೆ, ಫಿರಂಗಿ ಎಳೆಯುವುದು ಇನ್ನೊಂದು ಕಡೆ.

ಚಿಕ್ಕರಸಿನಕೆರೆ ಭಕ್ತ

ಸಾಕುವುದು, ಮಾರುವುದು, ಓನರ್ ಯಾರು ಅಂತೆಲ್ಲ ಮಾತಾಡುತ್ತಿದ್ದೀರಿ. ನಮ್ಮ ಚಿಕ್ಕರಸಿನಕೆರೆ ಕಾಲಭೈರವೇಶ್ವರನ ಬಸವನಿಗೆ ಓನರ್ ಯಾರು? ಯಾರೂ ಇಲ್ಲ. ಯಾರ ಗದ್ದೆಗೆ ನುಗ್ಗಿದರೂ ಯಾರೂ ಕೋಲೆತ್ತುವುದಿಲ್ಲ. ಬಾಗಿಲಿಗೆ ಬಂದರೆ ಮನೆಯವರು ಬಿಂದಿಗೆ ನೀರು ಹಿಡಿದು ಓಡಿಬರುತ್ತಾರೆ. ನ್ಯಾಯ ತೀರ್ಮಾನಕ್ಕೆ, ಪೂಜಾರಿಯನ್ನು ಆರಿಸಲಿಕ್ಕೆ ಬಸವನನ್ನು ಕರೆಸುವ ಊರುಗಳಿವೆ. ನಂಬುವುದು ಬಿಡುವುದು ನಿಮ್ಮಿಷ್ಟ. ಆದರೆ ಒಂದು ಪ್ರಾಣಿಯನ್ನು ಯಾರೂ ಕೊಳ್ಳದೆ, ಕಟ್ಟದೆ, ಊರೆಲ್ಲ ಸೇರಿ ಸಾಕಬಹುದು ಅನ್ನುವುದು ನಮಗೆ ಹೊಸದಲ್ಲ.

ಪೇಪರ್ ಹಾಕೋನು

ಬಸವ ಸೈಕಲ್ ಅಟ್ಟಿಸಿಕೊಂಡು ಬರಲ್ಲ, ಅದಕ್ಕೆ.

ಗಜಪಯಣ

ಅರ್ಜುನನ ವಿಷಯದಲ್ಲೂ ಹೀಗೇ ಆಯಿತು. 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತ ಆನೆ. ಕಾಗದದಲ್ಲಿ ಅರಣ್ಯ ಇಲಾಖೆಯದು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ಇಡೀ ಮೈಸೂರು ನಮ್ಮ ಮನೆ ಆನೆ ಅಂತ ಅತ್ತಿತು. ವಯಸ್ಸಾದ ಆನೆಯನ್ನು ಯಾಕೆ ಕಳಿಸಿದಿರಿ ಅಂತ ಸಿಟ್ಟಾಯಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅಷ್ಟು ವರ್ಷ ಅದಕ್ಕೆ ಹುಲ್ಲು ಭತ್ತದ ಕುಸುರೆ ಕಟ್ಟಿ ತಿನ್ನಿಸಿ, ಕಾಲು ತೊಳೆದ ಮಾವುತರು, ಕಾವಾಡಿಗಳು ದಸರಾ ಮುಗಿದ ಮೇಲೆ ಎಲ್ಲಿ, ಹೇಗಿರುತ್ತಾರೆ ಅಂತ ನಾವು ಕೇಳಿದ್ದು ಕಡಿಮೆ. ಪ್ರಾಣಿ ನಮ್ಮದು ಅನ್ನುವುದಕ್ಕೆ ಬಾಯಿ ಸಾಕು, ನೋಡಿಕೊಳ್ಳುವ ಕೈ ಯಾವಾಗಲೂ ಬೇರೆಯವರದು. ನಾಯಿ ವಾಕಿಂಗ್ ಮಾಡಿಸುವ ಮನೆಕೆಲಸದವರನ್ನು ನೋಡಿದಾಗಲೂ ನನಗೆ ಇದೇ ನೆನಪಾಗುತ್ತದೆ.

ಓನರ್ ಕೂಡ ಮನುಷ್ಯನೇ

ಎಲ್ಲ ಓದಿದೆ. ಚುಕ್ಕಿಯ ಅಮ್ಮ ಅವರಿಗೆ ನನ್ನದೊಂದು ಸಲಹೆ. ನಾಯಿ ವಿಷಯವನ್ನು ಕೊನೆಗೆ ಹೇಳಬೇಡಿ, ಮೊದಲ ಮಾತಲ್ಲೇ ಹೇಳಿ. ಲಸಿಕೆ ಪುಸ್ತಕ ಜೊತೆಯಲ್ಲಿ ಒಯ್ಯಿರಿ. ಗಲೀಜು ಎಲ್ಲಿ ಮಾಡಿಸುತ್ತೀರಿ, ಯಾರು ತೆಗೆಯುತ್ತಾರೆ ಅಂತ ಅವರು ಕೇಳುವ ಮುಂಚೆಯೇ ಹೇಳಿ. ಬಾಗಿಲಿನ ಖರ್ಚಿಗೆ ಅಂತ ಅಡ್ವಾನ್ಸ್ ಸ್ವಲ್ಪ ಜಾಸ್ತಿ ಕೇಳಿದರೆ ಕರಾರಿನಲ್ಲಿ ಬರೆಸಿಕೊಳ್ಳಿ. ನೆಲಮಹಡಿ ಮನೆಯನ್ನೇ ನೋಡಿ. ಹೀಗೆ ಬಂದವರಿದ್ದರೆ ನಾನೂ ಫೋನ್ ಎತ್ತುತ್ತಿದ್ದೆ.

ಹೊಸ ಮೆಂಬರ್

ಎಲ್ಲರಿಗೂ ನಮಸ್ತೆ. ಒಂದು ಮುಧೋಳ ಮರಿ ತರಬೇಕು ಅಂತಿದ್ದೇನೆ. ವಿಜಯನಗರದಲ್ಲಿ ಎರಡನೇ ಮಹಡಿ ಮನೆ. ನಾನು, ನನ್ನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಎಲ್ಲಿ ಸಿಗುತ್ತೆ?

ಮದ್ದೂರ್ ವಡೆ

ಮೇಲೆ ಬರೆದದ್ದು ಒಂದಾದರೂ ಓದಿದ್ರಾ ಸ್ವಾಮಿ?

ಹಳ್ಳಿ ಡಾಕ್ಟ್ರು

ಬೇಡ. ಮುಧೋಳ ಬಯಲಲ್ಲಿ ಮೊಲದ ಹಿಂದೆ ಓಡುವ ನಾಯಿ. ಎರಡನೇ ಮಹಡಿಯಲ್ಲಿ ದಿನವಿಡೀ ಕಟ್ಟಿಹಾಕಿದರೆ ಅದಕ್ಕೆ ಹುಚ್ಚು ಹಿಡಿಯುತ್ತೆ, ಇಲ್ಲ ನಿಮಗೆ. ಸಾಕಲೇಬೇಕು ಅಂದರೆ ನಿಮ್ಮ ಬೀದಿಯಲ್ಲೇ ಒಂದು ಕಂತ್ರಿ ಮರಿ ನೋಡಿ. ರೋಗ ಕಡಿಮೆ, ಮುದ್ದೆ ಅನ್ನ ತಿಂದುಕೊಂಡಿರುತ್ತೆ. ಅದಕ್ಕೂ ಮನೆಯಲ್ಲಿ ಒಬ್ಬರಾದರೂ ಇರಬೇಕು.

ಹೊಸ ಮೆಂಬರ್

ಕಂತ್ರಿ ಆದರೆ ಓನರ್ ಒಪ್ಪಲ್ಲ ಸರ್. ಜಾತಿ ನಾಯಿ ಆದರೆ ಪರವಾಗಿಲ್ಲ ಅಂದಿದ್ದಾರೆ.

ಹಳ್ಳಿ ಡಾಕ್ಟ್ರು

ಹಾಗಾದರೆ ಮೊದಲು ಅದನ್ನು ಬರಹದಲ್ಲಿ ತಗೊಳ್ಳಿ. ಮರಿ ಆಮೇಲೆ ನೋಡೋಣ.